ಫೋನು ನಮ್ಮ ಮಾತು ಕದ್ದು ಕೇಳುತ್ತಾ? ಬನಹಟ್ಟಿಯ ಓದುಗರಿಗೆ ಉತ್ತರ

ಪ್ರಶ್ನೆ: ನಮ್ಮದು ಬನಹಟ್ಟಿ. ನಾಲ್ಕು ಪವರ್‌ಲೂಮ್ ಇವೆ, ಜೊತೆಗೆ ಸೀರೆ ವ್ಯಾಪಾರ. ಹೋದ ವಾರ ವಿಜಯಪುರದಿಂದ ಬೀಗರು ಬಂದಿದ್ದರು. ಅವರಿಗೆ ಮೊಣಕಾಲು ನೋವು, ಮಿರಜಿಗೆ ಹೋಗಿ ತೋರಿಸಬೇಕು ಅಂತ ಮಾತಾಡಿಕೊಂಡು ಕುಳಿತಿದ್ದೆವು. ಅವತ್ತೇ ಸಂಜೆ ನನ್ನ ಫೇಸ್‌ಬುಕ್‌ನಲ್ಲಿ ಮೊಣಕಾಲು ಆಪರೇಷನ್‌ದು ಜಾಹೀರಾತು! ನಾನು ಏನೂ ಹುಡುಕಿರಲಿಲ್ಲ. ಫೋನು ಎಲ್ಲಾ ಕೇಳುತ್ತದೆ ಅಂತಾನೆ ಮಗ. ನಮ್ಮಂಥವರ ಸುದ್ದಿ ಯಾರಿಗೆ ಬೇಕು, ಮುಚ್ಚಿಡೋದು ನಮ್ಮ ಹತ್ರ ಏನಿದೆ ಅಂತಾನೆ ತಮ್ಮ. ಈ ಕಂಪನಿಗಳ ಮೇಲೆ ನನಗೆ ನಂಬಿಕೆ ಹೋಗಿದೆ, ಕೀಪ್ಯಾಡ್ ಫೋನಿಗೆ ವಾಪಸ್ ಹೋಗೋಣ ಅನ್ನಿಸುತ್ತಿದೆ. ಮಗ ಒಂದು ಆಂಟಿವೈರಸ್ ಹಾಕುತ್ತೇನೆ ಅನ್ನುತ್ತಾನೆ. ಹಾಕಿಸಲೇ?

ಉತ್ತರ: ಫೇಸ್‌ಬುಕ್ ಮೈಕ್ ಮೂಲಕ ನಿಮ್ಮ ಮಾತು ಕೇಳಿ ಆ ಜಾಹೀರಾತು ಹಾಕಿತು ಅಂತ ನನಗೆ ಅನ್ನಿಸುವುದಿಲ್ಲ. ಹಾಗಂತ ನಿಮ್ಮ ಅನುಮಾನ ತಪ್ಪು ಅಂತಲೂ ಹೇಳುವುದಿಲ್ಲ. ಅನುಮಾನ ಸರಿಯಾಗಿದೆ, ಅದು ಹೋಗಿ ನಿಂತಿರುವ ಜಾಗ ಬೇರೆ, ಅಷ್ಟೇ.

ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,260 ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷೆ ಮಾಡಿ 2018ರಲ್ಲಿ ಫಲಿತಾಂಶ ಹೇಳಿದರು. ಯಾವ ಆ್ಯಪ್ ಆದರೂ ನಮಗೆ ತಿಳಿಯದಂತೆ ಮೈಕ್ ಆನ್ ಮಾಡಿ ಧ್ವನಿ ಕಳಿಸುತ್ತದಾ ಅಂತ ನೋಡುವುದು ಅವರ ಕೆಲಸವಾಗಿತ್ತು. ಹಾಗೆ ಮಾಡುವ ಒಂದೂ ಸಿಗಲಿಲ್ಲ. ಆದರೆ ಅವರಿಗೆ ಬೇರೆಯದೇ ಒಂದು ಸಿಕ್ಕಿತು. ಕೆಲವು ಆ್ಯಪ್‌ಗಳು ನಾವು ಪರದೆಯ ಮೇಲೆ ಏನು ಮಾಡುತ್ತೇವೆ ಅನ್ನುವುದನ್ನು ಚಿತ್ರ ತೆಗೆದು, ವಿಡಿಯೊ ಮಾಡಿ ಮೂರನೆಯವರಿಗೆ ಕಳಿಸುತ್ತಿದ್ದವು. ಎಲ್ಲರೂ ಮೈಕ್ ಕಡೆ ನೋಡುತ್ತಿದ್ದಾಗ ಸೋರಿಕೆ ಬೇರೆ ಕಡೆ ನಡೆದಿತ್ತು. ನಿಮ್ಮ ಪ್ರಶ್ನೆಗೂ ಇದೇ ಮುಖ್ಯ ಉತ್ತರ ಅಂತ ನನಗೆ ಅನ್ನಿಸುತ್ತದೆ.

ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಅನ್ನಿಸುವುದು ದುಡ್ಡಿನ ಲೆಕ್ಕ. 2021ರ ಏಪ್ರಿಲ್‌ನಲ್ಲಿ ಆಪಲ್ ತನ್ನ ಐಫೋನ್‌ಗಳಲ್ಲಿ ಒಂದು ಪ್ರಶ್ನೆ ತೋರಿಸಲು ಶುರು ಮಾಡಿತು: ಬೇರೆ ಆ್ಯಪ್, ಬೇರೆ ವೆಬ್‌ಸೈಟ್‌ಗಳಲ್ಲಿ ನೀವು ಮಾಡುವುದನ್ನು ಈ ಆ್ಯಪ್ ಹಿಂಬಾಲಿಸಲು ಬಿಡುತ್ತೀರಾ? ಬಹಳ ಜನ ಬೇಡ ಅಂದರು. ಅದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಹೊಡೆತ ಬೀಳುತ್ತದೆ ಅಂತ ಫೇಸ್‌ಬುಕ್‌ನ ಮಾಲೀಕ ಕಂಪನಿ ಮೆಟಾ ತಾನೇ ಹೇಳಿತು. ಯೋಚನೆ ಮಾಡಿ. ಮನೆಮನೆಯ ಮಾತು ಕದ್ದು ಕೇಳುವ ದಾರಿ ಅವರ ಹತ್ತಿರ ಇದ್ದಿದ್ದರೆ ಈ ಒಂದು ಪ್ರಶ್ನೆಗೆ ಅಷ್ಟು ನಷ್ಟ ಯಾಕೆ ಆಗಬೇಕಿತ್ತು? ಅವರ ಜಾಹೀರಾತು ನಿಂತಿರುವುದು ನಾವು ಎಲ್ಲಿ ಹೋದೆವು, ಏನು ಒತ್ತಿದೆವು, ಏನು ಕೊಂಡೆವು ಅನ್ನುವುದರ ಮೇಲೆ.

ಹಾಗಾದರೆ ಮೊಣಕಾಲು ಹೇಗೆ ಬಂತು? ನಿಮ್ಮ ಬೀಗರು ನಿಮ್ಮ ಮನೆಗೆ ಬರುವ ಮೊದಲೇ ತಮ್ಮ ಫೋನಿನಲ್ಲಿ ನೋವಿನ ಬಗ್ಗೆ, ಮಿರಜಿನ ಆಸ್ಪತ್ರೆಗಳ ಬಗ್ಗೆ ಹುಡುಕಿರಬಹುದು, ಇಲ್ಲಾ ಅವರ ಮಕ್ಕಳು ಹುಡುಕಿರಬಹುದು. ಬಂದವರು ನಿಮ್ಮ ಮನೆಯ ವೈಫೈ ಹಾಕಿಕೊಂಡಿರುತ್ತಾರೆ. ಆಗ ಹೊರಗಿನವರಿಗೆ ನಿಮ್ಮ ಫೋನು, ಅವರ ಫೋನು ಎರಡೂ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ಜಾಹೀರಾತು ಕಂಪನಿಗಳು ಇದನ್ನು ಇಟ್ಟುಕೊಂಡೇ ಒಂದು ಮನೆಯವರು ಯಾರು ಯಾರು ಅಂತ ಊಹೆ ಮಾಡುತ್ತವೆ. ಫೇಸ್‌ಬುಕ್‌ನಲ್ಲಿ ನೀವಿಬ್ಬರೂ ಗೆಳೆಯರಾಗಿರಬಹುದು. ಒಬ್ಬರ ನಂಬರ್ ಇನ್ನೊಬ್ಬರ ಫೋನಿನಲ್ಲಿ ಇದ್ದೇ ಇರುತ್ತದೆ, ಆ ಕಾಂಟ್ಯಾಕ್ಟ್ ಪಟ್ಟಿಯನ್ನು ಎಷ್ಟೋ ಆ್ಯಪ್‌ಗಳು ತೆಗೆದುಕೊಂಡಿರುತ್ತವೆ. ಇದ್ಯಾವುದೂ ಇಲ್ಲದಿದ್ದರೂ ಆಸ್ಪತ್ರೆಯವರು ಜಾಹೀರಾತು ಕೊಡುವಾಗಲೇ ಇಷ್ಟು ವಯಸ್ಸು ದಾಟಿದವರು, ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಯವರು ಅಂತ ಆರಿಸಿಕೊಳ್ಳಬಹುದು. ತಮ್ಮ ಹತ್ತಿರ ಇರುವ ಫೋನ್ ನಂಬರ್‌ಗಳ ಪಟ್ಟಿಯನ್ನೇ ಕೊಟ್ಟು, ಇವರಿಗೆ ತೋರಿಸಿ, ಇವರಂಥವರಿಗೂ ತೋರಿಸಿ ಅನ್ನುವ ಸೌಲಭ್ಯವೂ ಇದೆ. ನಿಮ್ಮೂರಿನ ಕಿರಾಣಿ ಅಂಗಡಿಯವರಿಗೆ ಯಾರ ಮನೆಯಲ್ಲಿ ಮದುವೆ ಇದೆ ಅಂತ ಕದ್ದು ಕೇಳಿ ಗೊತ್ತಾಗಬೇಕಿಲ್ಲ, ಚೀಟಿ ನೋಡಿದರೆ ಸಾಕು. ಇಲ್ಲಿ ಆ ಚೀಟಿ ನೂರಾರು ಕಡೆಯಿಂದ ಬರುತ್ತದೆ.

ಇನ್ನೊಂದು ಮಾತು. ಅವತ್ತು ನಿಮ್ಮ ಕಣ್ಣ ಮುಂದೆ ಎಷ್ಟು ಜಾಹೀರಾತು ಹೋದವು? ಬೇರೆ ಯಾವುದೂ ನೆನಪಿಲ್ಲ ಅಲ್ವಾ? ಮೊಣಕಾಲಿನದು ಅದಕ್ಕೂ ಮುಂಚೆ ಬಂದಿದ್ದರೂ ನೀವು ಗಮನಿಸದೆ ಸರಿಸಿರುತ್ತೀರಿ.

ಆದರೆ ನಿಮ್ಮ ಮಗನ ಮಾತನ್ನು ನಾನು ಪೂರ್ತಿ ತಳ್ಳಿ ಹಾಕುವುದಿಲ್ಲ, ಯಾಕೆಂದರೆ ಕಂಪನಿಗಳೇ ಅವನಿಗೆ ಕಾರಣ ಕೊಟ್ಟಿವೆ. ಆಪಲ್‌ನ ಸಿರಿ (ನಮ್ಮ ಮಾತು ಕೇಳಿ ಉತ್ತರ ಕೊಡುವ ಸೌಲಭ್ಯ) ತಾನಾಗಿಯೇ ಎಚ್ಚರವಾಗಿ ಧ್ವನಿ ಮುದ್ರಿಸಿಕೊಂಡಿದ್ದು, ಅಂಥ ತುಣುಕುಗಳನ್ನು ಗುತ್ತಿಗೆ ಕೆಲಸದವರು ಕೂತು ಕೇಳಿದ್ದು 2019ರಲ್ಲಿ ಹೊರಗೆ ಬಂತು. ಆ ಬಗ್ಗೆ ನಡೆದ ಮೊಕದ್ದಮೆಯಲ್ಲಿ ಆಪಲ್ ತಪ್ಪು ಒಪ್ಪದೆಯೇ 9.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಮುಂದಾಯಿತು. ಕಾಕ್ಸ್ ಮೀಡಿಯಾ ಗ್ರೂಪ್ ಅನ್ನುವ ಅಮೆರಿಕದ ಕಂಪನಿ, ಫೋನಿನ ಮೈಕ್‌ನಿಂದ ಮಾತು ಕೇಳಿ ಗಿರಾಕಿ ಹುಡುಕಿ ಕೊಡುತ್ತೇವೆ ಅಂತ ತನ್ನ ಜಾಹೀರಾತುದಾರರಿಗೆ ಹೇಳಿಕೊಂಡಿತ್ತು. ಅದು ಸುದ್ದಿಯಾದ ಮೇಲೆ 2024ರಲ್ಲಿ ಗೂಗಲ್ ಅದನ್ನು ತನ್ನ ಪಾಲುದಾರರ ಪಟ್ಟಿಯಿಂದ ತೆಗೆಯಿತು. ಹೇಳಿಕೊಂಡಿದ್ದೆಲ್ಲ ಮಾಡಿ ತೋರಿಸಿದಂತೆ ಅಲ್ಲ, ಸರಿ. ಆದರೂ ಇಂಥ ಮಾತನ್ನು ಹೆಮ್ಮೆಯಿಂದ ಮಾರಲು ಹೊರಟವರು ಇದ್ದಾರೆ ಅನ್ನುವುದೇ ನನಗೆ ಸಿಟ್ಟು ತರಿಸುತ್ತದೆ. ಮೈಕ್ ಬಗ್ಗೆ ನೀವೇ ಕಣ್ಣಿಡಬಹುದು. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನ್‌ಗಳಲ್ಲಿ ಯಾವುದಾದರೂ ಆ್ಯಪ್ ಮೈಕ್ ಬಳಸುತ್ತಿದ್ದರೆ ಪರದೆಯ ಮೇಲಿನ ಮೂಲೆಯಲ್ಲಿ ಹಸಿರು ಗುರುತು ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂತ ಇರುವ ಕಡೆ ಯಾವ ಆ್ಯಪ್ ಯಾವಾಗ ಬಳಸಿತು ಅನ್ನುವ ಪಟ್ಟಿಯೂ ಸಿಗುತ್ತದೆ. ಅಪ್ಪ ಮಗ ಕೂತು ಒಮ್ಮೆ ನೋಡಿ.

ನಾನು ಕಂಪನಿಗಳನ್ನು ಯಾಕೆ ಸುಲಭವಾಗಿ ನಂಬುವುದಿಲ್ಲ ಅಂತ ಈಗ ಹೇಳುತ್ತೇನೆ. ಗೂಗಲ್‌ನಲ್ಲಿ ಲೊಕೇಶನ್ ಹಿಸ್ಟರಿ ಅಂತ ಒಂದು ಬಟನ್ ಇತ್ತು. ಅದನ್ನು ಆಫ್ ಮಾಡಿದರೆ ನಾವು ಹೋದ ಜಾಗ ದಾಖಲಾಗುವುದಿಲ್ಲ ಅಂತ ಜನ ತಿಳಿದುಕೊಂಡಿದ್ದರು. ಆಫ್ ಮಾಡಿದರೂ ಬೇರೊಂದು ಸೆಟ್ಟಿಂಗ್ ಮೂಲಕ ದಾಖಲಾಗುತ್ತಲೇ ಇತ್ತು ಅಂತ 2018ರಲ್ಲಿ ಸುದ್ದಿ ಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಬಯಲಿಗೆಳೆಯಿತು. 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ ಗೂಗಲ್ 39.15 ಕೋಟಿ ಡಾಲರ್ ಕೊಡಬೇಕಾಯಿತು. ಟ್ವಿಟರ್ ಕಥೆ ಇನ್ನೂ ಬೇಜಾರಿನದು. ನಿಮ್ಮ ಖಾತೆಯ ಭದ್ರತೆಗೆ ಬೇಕು ಅಂತ ಹೇಳಿ ಫೋನ್ ನಂಬರ್ ತೆಗೆದುಕೊಂಡು ಅದನ್ನೇ ಜಾಹೀರಾತಿಗೆ ಬಳಸಿತು. ಅದಕ್ಕೆ 2022ರಲ್ಲಿ 15 ಕೋಟಿ ಡಾಲರ್ ದಂಡ ಬಿತ್ತು. ಭದ್ರತೆಯ ಹೆಸರು ಹೇಳಿ ಹೀಗೆ ಮಾಡಿದರೆ ನಾಳೆ ನಿಜವಾದ ಭದ್ರತೆಯ ಸಲಹೆ ಕೊಟ್ಟರೂ ಜನ ಕೇಳುವುದಿಲ್ಲ. ಈ ನಷ್ಟ ಯಾವ ದಂಡದಲ್ಲೂ ತುಂಬಿ ಬರುವುದಿಲ್ಲ. ನಮ್ಮ ದೇಶದಲ್ಲೂ ವಾಟ್ಸ್‌ಆ್ಯಪ್‌ನ 2021ರ ಹೊಸ ಷರತ್ತುಗಳ ವಿಷಯದಲ್ಲಿ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಅದರ ಮಾಲೀಕ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಒಪ್ಪಿಕೊಳ್ಳಿ, ಇಲ್ಲಾ ಬಿಟ್ಟುಹೋಗಿ ಅನ್ನುವ ಹಾಗೆ ಷರತ್ತು ಹೇರಿದ್ದು ಆಯೋಗದ ಆಕ್ಷೇಪ.

ಇವುಗಳಲ್ಲಿ ಹೆಚ್ಚಿನವು ಮನೆಗೆ ಕನ್ನ ಹಾಕಿದ ಕಥೆಗಳಲ್ಲ. ಒಂದು ಕಡೆ ಬಟನ್, ಒಂದು ಕಡೆ ಷರತ್ತು, ಕೆಳಗೆ ನಾವು ಒತ್ತಿದ 'ಒಪ್ಪಿದೆ'. ಹಾಗಾಗಿ ಕಂಪನಿ ಗುಟ್ಟಾಗಿ ಏನು ಕದಿಯುತ್ತಿದೆ ಅಂತ ಕೇಳುವ ಮೊದಲು, ನಾನು ಏನಕ್ಕೆ ಒಪ್ಪಿಗೆ ಕೊಟ್ಟಿದ್ದೇನೆ, ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿ. ಇದಕ್ಕೆ ಉತ್ತರ ಹುಡುಕಬಹುದು. ಎಲ್ಲಾ ಕಳುವಾಗಿದೆ, ಇನ್ನೇನು ಉಳಿದಿದೆ ಅಂತ ಕೈಚೆಲ್ಲುವವರನ್ನು ಬೆಳಗಾವಿಯಲ್ಲಿ ನಾನು ದಿನಾ ನೋಡುತ್ತೇನೆ. ಅವರು ಸೆಟ್ಟಿಂಗ್ ತೆರೆದು ನೋಡುವುದನ್ನೇ ಬಿಟ್ಟಿರುತ್ತಾರೆ. ಕಂಪನಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ.

ಈಗ ನಿಮ್ಮ ತಮ್ಮನ ಮಾತು. ಮುಚ್ಚಿಡೋದು ಏನಿದೆ ಅನ್ನುವ ಪ್ರಶ್ನೆಗೆ ದೇಶದ ದೊಡ್ಡ ಉತ್ತರ ಬರಲು ಕಾರಣರಾದವರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಅಂತ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ತಪ್ಪು ಮಾಡಿದವರಿಗೆ ಮಾತ್ರ ಬೇಕಾದ ಹಕ್ಕು ಅಲ್ಲ ಅದು. ನಿಮ್ಮ ತಮ್ಮನ ಫೋನಿನಲ್ಲಿ ಇರುವುದೆಲ್ಲ ಅವರದೇ ಅಲ್ಲವಲ್ಲ, ನೇಕಾರರ ನಂಬರ್ ಇರುತ್ತವೆ, ನೂಲು ಕೊಡುವವರ ಬಾಕಿ ಲೆಕ್ಕ ಇರುತ್ತದೆ, ಯಾರದೋ ಆಧಾರ್ ಫೋಟೊ, ಪಾಸ್‌ಬುಕ್ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂದು ಗ್ಯಾಲರಿಯಲ್ಲಿ ಕುಳಿತಿರುತ್ತದೆ. ಅವರು ಒಂದು ಕೆಟ್ಟ ಸಾಲದ ಆ್ಯಪ್‌ಗೆ ಒಪ್ಪಿಗೆ ಕೊಟ್ಟರೆ ಆ ಎಲ್ಲರ ಮಾಹಿತಿಯೂ ಹೋಗುತ್ತದೆ. ಸಾಲ ವಸೂಲಿ ಹೆಸರಲ್ಲಿ ಕಾಂಟ್ಯಾಕ್ಟ್‌ನಲ್ಲಿ ಇದ್ದವರಿಗೆಲ್ಲ ಫೋನ್ ಮಾಡಿ ಮಾನ ಕಳೆಯುವುದು ಹೀಗೆಯೇ ನಡೆಯಿತು. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಫೋಟೊ ನೋಡುವಂತಿಲ್ಲ ಅಂತ ಗೂಗಲ್ ಪ್ಲೇ ಸ್ಟೋರ್ 2023ರಲ್ಲಿ ನಿಯಮ ಮಾಡಿದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ (apk) ಫೈಲಿಗೆ, ಅಂದರೆ ಪ್ಲೇ ಸ್ಟೋರ್ ಹೊರಗಿಂದ ಆ್ಯಪ್ ಹಾಕುವ ಫೈಲಿಗೆ, ಆ ನಿಯಮ ಎಲ್ಲಿಂದ ಬರಬೇಕು? ಮದುವೆ ಪತ್ರಿಕೆ ಅಂತ, ಗಾಡಿ ದಂಡದ ಚಲನ್ ಅಂತ, ಪಿಎಂ ಕಿಸಾನ್ ಅಂತ ಬರುತ್ತವೆ. ಗುರುತಿನವರ ನಂಬರಿನಿಂದಲೇ ಬರುತ್ತವೆ, ಯಾಕೆಂದರೆ ಅವರ ಫೋನು ಆಗಲೇ ಕೈತಪ್ಪಿರುತ್ತದೆ. ಎಪಿಕೆ ಅಂತ ಕೊನೆಯಾಗುವ ಫೈಲ್ ಯಾರು ಕಳಿಸಿದರೂ ತೆರೆಯಬೇಡಿ.

ನಿಜ ಹೇಳಬೇಕೆಂದರೆ ಮೊಣಕಾಲಿನ ಜಾಹೀರಾತಿಗಿಂತ ನನಗೆ ನಿಮ್ಮ ಹೆಬ್ಬೆರಳಿನ ಚಿಂತೆ ಜಾಸ್ತಿ. ಊರಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಬೆರಳು ಒತ್ತಿ ದುಡ್ಡು ತೆಗೆಯುತ್ತೀರಲ್ಲ, ಅದಕ್ಕೆ ಬೇಕಾಗುವುದು ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು. ಒಟಿಪಿ ಇಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿ ಇದ್ದ ಬೆರಳಚ್ಚನ್ನು ನಕಲು ಮಾಡಿ ಜನರ ಖಾತೆಯಿಂದ ದುಡ್ಡು ತೆಗೆದ ಪ್ರಕರಣಗಳು ಬಂದವು. ಇದರಲ್ಲಿ ಆ ಜನರ ತಪ್ಪು ಏನಿತ್ತು? ಹೊಲ, ಮನೆ ಕೊಂಡವರು ಕಾನೂನು ಹೇಳಿದ ಕಡೆ ಬೆರಳು ಒತ್ತಿದ್ದರು, ಅಷ್ಟೇ. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಬೆರಳು ಬದಲಿಸುವುದು ಹೇಗೆ? ಅದಕ್ಕೇ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ, ವೆಬ್‌ಸೈಟ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇದೆ, ಅದನ್ನು ಹಾಕಿಸಿ. ಲಾಕ್ ಆದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಬೇಕಾದಾಗ ಸ್ವಲ್ಪ ಹೊತ್ತು ತೆರೆಯಬೇಕಾಗುತ್ತದೆ. ರೇಷನ್ ತರಲು ಹೋಗುವ ಮನೆಯವರಿಗೆ ಇದನ್ನು ಮೊದಲೇ ಹೇಳಿಕೊಡಿ, ಇಲ್ಲದಿದ್ದರೆ ಸುಮ್ನೆ ವಾಪಸ್ ಬರುತ್ತಾರೆ. ನಿಮ್ಮ ಕಡೆ ಕೈಮಗ್ಗದವರಿಗೆ ನೇಕಾರ ಸಮ್ಮಾನ್ ಹಣ ಬರುವ ಖಾತೆಗೂ ಆಧಾರ್ ಜೋಡಣೆ ಇರುತ್ತದೆ, ಅವರಿಗೂ ತಿಳಿಸಿ. ಲಾಡ್ಜ್‌ನಲ್ಲಿ ಇಳಿಯಲು ಅಂತ ಕಂಡಕಂಡಲ್ಲಿ ಆಧಾರ್ ಜೆರಾಕ್ಸ್ ಕೊಡುತ್ತೇವೆ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಿಗುತ್ತದೆ, ಎಲ್ಲಿ ನಡೆಯುತ್ತದೋ ಅಲ್ಲಿ ಅದನ್ನೇ ಕೊಡಿ.

ಸರ್ಕಾರದ ಮೇಲೂ ಇದೇ ಕಣ್ಣು ಇರಲಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಒಳ್ಳೆಯ ಸೌಲಭ್ಯ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಅದರಲ್ಲಿ ನೋಡಬಹುದು, ನೋಡಲೇಬೇಕು. ಆದರೆ ಆ ಆ್ಯಪ್ ಹೊಸ ಫೋನ್‌ಗಳಲ್ಲೆಲ್ಲ ಮೊದಲೇ ಇರಬೇಕು ಅಂತ ಆದೇಶ ಬಂದಾಗ ಜನ ಪ್ರಶ್ನೆ ಕೇಳಿದರು. 2025ರ ಡಿಸೆಂಬರ್‌ನಲ್ಲಿ ಆ ಆದೇಶ ವಾಪಸ್ ಆಯಿತು. ಕೇಳಿದ್ದಕ್ಕೆ ಫಲ ಸಿಕ್ಕಿತು.

ಆಂಟಿವೈರಸ್ ಬಗ್ಗೆ. ಅವಾಸ್ಟ್ ಅನ್ನುವ ಹೆಸರು ಕೇಳಿರಬಹುದು, ಉಚಿತ ಆಂಟಿವೈರಸ್ ಅಂತ ಬಹಳ ಜನ ಹಾಕಿಕೊಂಡಿದ್ದರು. ನಿಮ್ಮನ್ನು ಹಿಂಬಾಲಿಸುವವರನ್ನು ತಡೆಯುತ್ತೇವೆ ಅಂತ ಹೇಳುತ್ತಿದ್ದ ಅದೇ ಕಂಪನಿ, ಜನ ಯಾವ ಯಾವ ವೆಬ್‌ಸೈಟ್ ನೋಡಿದರು ಅನ್ನುವ ಮಾಹಿತಿಯನ್ನು ತನ್ನ ಇನ್ನೊಂದು ಕಂಪನಿ ಮೂಲಕ ಮಾರಿತ್ತು. 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಬೇಕಾಯಿತು. ಆಂಡ್ರಾಯ್ಡ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಅಂತ ಕೆಟ್ಟ ಆ್ಯಪ್ ಹುಡುಕುವ ಸೌಲಭ್ಯ ಆಗಲೇ ಇರುತ್ತದೆ, ಅದು ಆನ್ ಇರಲಿ, ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ. ಬೇರೆ ಉಚಿತ ಆಂಟಿವೈರಸ್ ಬೇಡ. ಹಾಗೆಯೇ ಪ್ರತಿ ಮೂರು ತಿಂಗಳಿಗೆ ಪಾಸ್‌ವರ್ಡ್ ಬದಲಿಸಿ ಅನ್ನುವ ಹಳೆಯ ಸಲಹೆಯನ್ನೂ ಬಿಡಿ. ಅಂಥ ಸಲಹೆಗಳಿಗೆ ಮೂಲವಾಗಿದ್ದ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ತಾನೇ 2017ರಲ್ಲಿ ಅದನ್ನು ಕೈಬಿಟ್ಟಿತು. ಹಾಗೆ ಬದಲಿಸುವವರು ಕೊನೆಯ ಒಂದು ಅಂಕಿ ಮಾತ್ರ ಬದಲಿಸುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಾಗಿತ್ತು. ಉದ್ದವಾದ ಪಾಸ್‌ವರ್ಡ್ ಇರಲಿ, ಬ್ಯಾಂಕಿಗೆ ಒಂದು, ಇಮೇಲ್‌ಗೆ ಬೇರೆಯದೇ ಒಂದು. ನೋಟ್‌ಬುಕ್‌ನಲ್ಲಿ ಬರೆದು ಬೀರುವಿನಲ್ಲಿ ಇಟ್ಟರೂ ನಡೆಯುತ್ತದೆ, ಆನ್‌ಲೈನ್ ಕಳ್ಳರು ನಿಮ್ಮ ಬೀರು ತೆರೆಯಲು ಬನಹಟ್ಟಿಗೆ ಬರುವುದಿಲ್ಲ.

ಕೀಪ್ಯಾಡ್ ಫೋನಿಗೆ ಹೋಗುವುದರಿಂದ ಜಾಹೀರಾತು ನಿಲ್ಲುತ್ತದೆ, ನಿಜ. ಆದರೆ ಮೋಸದ ಕರೆ ನಿಲ್ಲುವುದಿಲ್ಲ, ನಿಮ್ಮ ಬೆರಳಚ್ಚು ಇರುವ ಪತ್ರ ಎಲ್ಲಿದೆಯೋ ಅಲ್ಲೇ ಇರುತ್ತದೆ, ಮತ್ತೆ ಸೀರೆಯ ಫೋಟೊ ಕಳಿಸದೆ ಈಗ ವ್ಯಾಪಾರ ಹೇಗೆ? ಸ್ಮಾರ್ಟ್‌ಫೋನ್ ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆ್ಯಡ್ಸ್ ಅಂತ ಇರುವಲ್ಲಿ ಜಾಹೀರಾತು ಐಡಿ (ಜಾಹೀರಾತಿಗಾಗಿ ನಿಮ್ಮ ಫೋನಿಗೆ ಕೊಟ್ಟಿರುವ ಗುರುತು) ಅಳಿಸಿಬಿಡಿ. ಲೊಕೇಶನ್, ಕಾಂಟ್ಯಾಕ್ಟ್, ಮೈಕ್ ಈ ಮೂರರ ಪರ್ಮಿಷನ್ ಯಾರಿಗೆ ಕೊಟ್ಟಿದ್ದೀರಿ ನೋಡಿ, ಬೇಡದವರಿಂದ ತೆಗೆಯಿರಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಬೇಕಿಲ್ಲ. ವಾಟ್ಸ್‌ಆ್ಯಪ್ ಮಾತುಕತೆ ಆ ಕಡೆ ಈ ಕಡೆ ಇರುವವರನ್ನು ಬಿಟ್ಟು ಬೇರೆಯವರು ಓದಲು ಬರುವುದಿಲ್ಲ, ಅದು 2016ರಿಂದ ಹಾಗಿದೆ. ಆದರೆ ಗೂಗಲ್ ಡ್ರೈವ್‌ಗೆ ಹೋಗುವ ಬ್ಯಾಕಪ್‌ಗೆ ಆ ಬೀಗ ನೀವೇ ಹಾಕಬೇಕು, ಚಾಟ್ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ಇದೆ. ಯಾರು ಯಾರಿಗೆ ಯಾವಾಗ ಮಾತಾಡಿದರು ಅನ್ನುವುದು ಮಾತ್ರ ಕಂಪನಿಗೆ ತಿಳಿಯುತ್ತದೆ, ಅದಕ್ಕೆ ನಮ್ಮ ಕಡೆಯಿಂದ ಬೀಗ ಇಲ್ಲ.

ಕೊನೆಗೆ, ಯಾರಾದರೂ ಪೊಲೀಸ್, ಸಿಬಿಐ ಅಂತ ವಿಡಿಯೊ ಕರೆ ಮಾಡಿ ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಅಂದರೆ ಕರೆ ಕಟ್ ಮಾಡಿ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲಿ ಇಲ್ಲ. 2025ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ವಯಸ್ಸಾದ ದಂಪತಿ ಇಂಥ ಬೆದರಿಕೆಗೆ ಹೆದರಿ ಜೀವ ಕಳೆದುಕೊಂಡರು. ಅವರು ಯಾರಿಗಾದರೂ ಒಂದು ಮಾತು ಹೇಳಿಕೊಳ್ಳುವಂತಾಗಿದ್ದರೆ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಬೀಗರಿಗೆ, ಮನೆಯ ಹಿರಿಯರಿಗೆ ಇದನ್ನು ಕೂತು ಹೇಳಿ. ಫೋನಿನಲ್ಲಿ ಮೋಸ ಹೋಗುವುದು ಮಾನ ಹೋಗುವ ವಿಷಯ ಅಲ್ಲ, ಮುಚ್ಚಿಡಬೇಡಿ ಅಂತ ಹೇಳಿ. ಖಾತೆಯಿಂದ ದುಡ್ಡು ಹೋದರೆ ಅದೇ ಗಳಿಗೆಯಲ್ಲಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಹೊರಗಿನವರಿಂದ ಮೋಸ ಆಗಿದ್ದರೆ, ಬ್ಯಾಂಕಿನಿಂದ ಸಂದೇಶ ಬಂದು 3 ಕೆಲಸದ ದಿನಗಳ ಒಳಗೆ ತಿಳಿಸಿದವರಿಗೆ ಪೂರ್ತಿ ಹಣ ವಾಪಸ್ ಸಿಗಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಬ್ಯಾಂಕಿನವರು ನಾಳೆ ಬನ್ನಿ ಅಂದರೆ ದೂರನ್ನು ಬರೆದು ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಮತ್ತು ತಾರೀಖು ಹಾಕಿಸಿಕೊಂಡೇ ಬನ್ನಿ.